ದಿಗ್ವಿಜಯ ಮತ್ತು ದಿಗ್ವ್ರತ: ಸರದಿಯಾಟದ ಪಕ್ಷಗುಣವೂ ಸಂತೇಬೆನ್ನೂರಿನ ಚರಿತ್ರೆಯೂ

ಚದುರಂಗದಲ್ಲಿ ಎರಡು ಪಕ್ಷಗಳಿಗೂ ಒಂದೇ ಬಲ, ಒಂದೇ ನಡೆ. ಬೇರೆಯಾಗಿರುವುದು ಕಾಯಿಗಳ ಬಣ್ಣ ಮಾತ್ರ. ನಮ್ಮ ಹಳ್ಳಿಗಳ ಹುಲಿ-ಕುರಿ ಆಟದಲ್ಲಿ ಹಾಗಿಲ್ಲ. 3 ಹುಲಿ ಮತ್ತು 15 ಕುರಿಗಳಿರುವ ರೂಪವನ್ನೇ ತೆಗೆದುಕೊಳ್ಳೋಣ. ಹುಲಿ ಹಾರಿ ಕುರಿಯನ್ನು ಕೊಲ್ಲಬಲ್ಲದು. ಕುರಿಗೆ ಕೊಲ್ಲುವ ಅಧಿಕಾರವೇ ಇಲ್ಲ. ಕುರಿಯ ಕಾಯಿಗಳು ಸರದಿಗೊಂದರಂತೆ ಮನೆಯೊಳಗೆ ಇಳಿಯುತ್ತವೆ, ಒಂದರ ಬೆನ್ನಿಗೆ ಇನ್ನೊಂದು ನಿಲ್ಲುತ್ತದೆ, ಹುಲಿಗೆ ಅಲುಗಾಡಲು ಜಾಗವಿಲ್ಲದಂತೆ ಮಾಡಿ ಗೆಲ್ಲುತ್ತವೆ. ಹುಲಿ ಗೆಲ್ಲುವುದು ಓಡಾಟದಿಂದ, ಕುರಿ ಗೆಲ್ಲುವುದು ನೆಲೆ ನಿಲ್ಲುವುದರಿಂದ. ಆಟ ಆರಂಭವಾಗುವ ಮೊದಲೇ ಪಕ್ಷಕ್ಕೊಂದು ಗುಣ ನಿಗದಿಯಾಗಿದೆ. ಆ ಪಕ್ಷ ಪಟದ ಮೇಲೆ ಹೇಗೆ ಹರಡಬೇಕೆಂಬುದನ್ನು ಆ ಗುಣವೇ ತೀರ್ಮಾನಿಸುತ್ತದೆ. ಇದನ್ನು ಈ ಲೇಖನದಲ್ಲಿ 'ಪಕ್ಷಗುಣ' ಎಂದು ಕರೆಯುತ್ತೇನೆ.

ಇಂದಿನ ಕಂಪ್ಯೂಟರಿನ ಸಾಮ್ರಾಜ್ಯ ಕಟ್ಟುವ ಆಟಗಳು ಈ ತತ್ತ್ವದ ಮೇಲೆಯೇ ನಿಂತಿವೆ. ಸಿಡ್ ಮೈಯರ್ ರೂಪಿಸಿದ 'ಸಿವಿಲೈಸೇಶನ್' 1991ರಲ್ಲಿ ಬಂದಿತು. ಅದರಂತಹ ಆಟಗಳ ಸ್ವರೂಪವನ್ನು ಅಲನ್ ಎಮ್ರಿಚ್ ಎಂಬ ಅಮೆರಿಕದ ಬರಹಗಾರ 1993ರಲ್ಲಿ ನಾಲ್ಕು ಕ್ರಿಯೆಗಳಲ್ಲಿ ಸಂಗ್ರಹಿಸಿದ: ಅನ್ವೇಷಣೆ, ವಿಸ್ತರಣೆ, ಬಳಕೆ, ಸಂಹಾರ. ಇಂದು ಈ ಆಟಗಳನ್ನಾಡುವ ತರುಣರಲ್ಲಿ ನಮ್ಮ ಇತಿಹಾಸ ಮತ್ತು ಸಾಹಿತ್ಯದ ವಿದ್ಯಾರ್ಥಿಗಳೂ ಇದ್ದಾರೆ. ಅವರು ಅಲ್ಲಿ ಕಲಿಯುವ ಚರಿತ್ರೆಯ ತರ್ಕ ಅವರ ಸಂಶೋಧನೆಯ ಬರಹದೊಳಗೂ ಸದ್ದಿಲ್ಲದೆ ಬಂದು ಕೂರುತ್ತದೆ. ಆದ್ದರಿಂದ ಆ ತರ್ಕವನ್ನು ಪರೀಕ್ಷಿಸುವುದು ವಿನೋದದ ಕೆಲಸವಲ್ಲ.

ಆ ತರ್ಕಕ್ಕೊಂದು ಉದಾಹರಣೆ ನೋಡೋಣ. 2016ರಲ್ಲಿ ಬಂದ ಈ ಆಟದ ಆರನೆಯ ಆವೃತ್ತಿಯಲ್ಲಿ ಭಾರತದ ಪಕ್ಷಕ್ಕೆ ಮಾತ್ರ ಮೆಟ್ಟಿಲುಬಾವಿ ಕಟ್ಟುವ ಹಕ್ಕಿದೆ. ಬಾವಿ ಹೊಲದ ಪಕ್ಕದಲ್ಲಿದ್ದರೆ ಆಹಾರ ಹೆಚ್ಚುತ್ತದೆ, ಪುಣ್ಯಸ್ಥಳದ ಪಕ್ಕದಲ್ಲಿದ್ದರೆ ಶ್ರದ್ಧೆ ಹೆಚ್ಚುತ್ತದೆ; ಊರು ಹೆಚ್ಚು ಜನರಿಗೆ ನೆಲೆಯಾಗುತ್ತದೆ. ಗುಡ್ಡದ ಮೇಲೆ ಅದನ್ನು ಕಟ್ಟುವಂತಿಲ್ಲ. ಪರಿಣಾಮ ಸ್ಪಷ್ಟ: ಬೇರೆ ಪಕ್ಷದವರು ನದಿಯ ದಡವನ್ನು ಹುಡುಕಿಕೊಂಡು ಹೋದರೆ, ಭಾರತದ ಪಕ್ಷದವನು ನದಿಯಿಂದ ದೂರದ ಬಯಲಿನಲ್ಲಿಯೂ ಧೈರ್ಯವಾಗಿ ಊರು ಹೂಡಬಲ್ಲ. ಯಾವ ನೆಲ ಬೇಕು, ಯಾವ ವೇಗದಲ್ಲಿ ಬೇಕು, ಯಾರ ವಿರುದ್ಧ ಬೇಕು ಎಂಬ ಮೂರು ಪ್ರಶ್ನೆಗಳಿಗೂ ಪಕ್ಷಗುಣವೇ ಉತ್ತರ ಹೇಳುತ್ತದೆ.

ಈ ಮಾದರಿಯಲ್ಲಿ ಸತ್ಯಾಂಶವಿದೆ ಎಂಬುದನ್ನು ಮೊದಲಿಗೇ ಒಪ್ಪಬೇಕು. ಅದನ್ನು ಒರೆಗೆ ಹಚ್ಚಲು ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿಗಿಂತ ಒಳ್ಳೆಯ ಸ್ಥಳ ದೊರೆಯದು. ಏಕೆಂದರೆ ಇದು ಎಡೆಯ ನಾಡು. ಪಶ್ಚಿಮಕ್ಕೆ ಮಲೆನಾಡು, ಪೂರ್ವಕ್ಕೆ ಬಯಲುಸೀಮೆ. ಆಡಳಿತದಲ್ಲಿಯೂ ಈ ಎಡೆತನ ಉಳಿದಿತ್ತು. ಚನ್ನಗಿರಿ ತಾಲ್ಲೂಕು 1997ರವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿದ್ದು, ಆಮೇಲೆ ಹೊಸ ದಾವಣಗೆರೆ ಜಿಲ್ಲೆಗೆ ಸೇರಿತು. ವಿಜಯನಗರದ ಕೊನೆಯ ದಶಕಗಳಿಂದ ಮುಂದಕ್ಕೆ ಈ ಭಾಗದಲ್ಲಿ ಹಲವು ನಾಯಕ ಮನೆತನಗಳು ಒಂದರ ಪಕ್ಕದಲ್ಲೊಂದು ನೆಲೆಗೊಂಡವು. ಅವುಗಳನ್ನು ಒಂದೇ ಪಟದ ಮೇಲಿನ ಪಕ್ಷಗಳಂತೆ ನೋಡಬಹುದು.

ಪಶ್ಚಿಮದ ಕೆಳದಿಯವರದು ಮಳೆಯ ನಾಡು. ಭತ್ತ, ಮೆಣಸು ಅವರ ಸಂಪತ್ತು. ಮೆಣಸಿಗೆ ಬೆಲೆ ಬರುವುದು ಕಡಲಿನಾಚೆ. ಆದ್ದರಿಂದ ಕೆಳದಿಯ ವಿಸ್ತರಣೆ ಘಟ್ಟವಿಳಿದು ಬಂದರುಗಳ ಕಡೆಗೆ ನಡೆಯಿತು. 1645ರಿಂದ 1660ರವರೆಗೆ ಆಳಿದ ಶಿವಪ್ಪನಾಯಕನ ಕಾಲಕ್ಕೆ ಅದು ಕರಾವಳಿಯುದ್ದಕ್ಕೂ ದಕ್ಷಿಣದ ಕಾಸರಗೋಡು ಸೀಮೆಯವರೆಗೆ ಚಾಚಿತ್ತು. ಅವನ ಹೆಸರಿನ 'ಶಿಸ್ತು' ಭೂಮಿಯ ಫಲವತ್ತನ್ನು ಅಳೆದು ಕಂದಾಯ ನಿಗದಿಪಡಿಸಿದ ವ್ಯವಸ್ಥೆ. ನಿಶ್ಚಿತವಾದ ಬೆಳೆಯಿರುವ ನಾಡಿನಲ್ಲಿ ಮಾತ್ರ ಅಂತಹ ಕ್ರಮ ನಿಲ್ಲುತ್ತದೆ.

ಪೂರ್ವದ ಚಿತ್ರದುರ್ಗದವರದು ಬಂಡೆಯ ನಾಡು. ಅಲ್ಲಿ ಮಳೆ ಕಡಿಮೆ, ಬಂಡೆ ಹೆಚ್ಚು. ಬಂಡೆಯೇ ಕೋಟೆಯಾಯಿತು, ಅದರ ಮೇಲೆ ಬಿದ್ದ ನೀರು ಒಂದು ಹೊಂಡದಿಂದ ಇನ್ನೊಂದಕ್ಕೆ ಇಳಿಯುವಂತೆ ಕಟ್ಟಿದ ಏರ್ಪಾಡು ಮುತ್ತಿಗೆಯನ್ನು ತಾಳುವ ಶಕ್ತಿಯಾಯಿತು. ಹುಲಿ-ಕುರಿಯ ಭಾಷೆಯಲ್ಲಿ ಹೇಳುವುದಾದರೆ ದುರ್ಗ ನೆಲೆ ನಿಲ್ಲುವ ಪಕ್ಷ. 1779ರಲ್ಲಿ ಹೈದರಾಲಿಗೆ ವಶವಾಗುವವರೆಗೆ ಅದರ ಬಲ ಅದರ ಗುಡ್ಡದಲ್ಲಿತ್ತು.

ನಡುವಿನ ಸಂತೇಬೆನ್ನೂರಿಗೆ ಬಂದರೂ ಇಲ್ಲ, ಅಂತಹ ಬಂಡೆಯೂ ಇಲ್ಲ. ಅದರ ಗುಣ ಅದರ ಹೆಸರಿನಲ್ಲಿಯೇ ಇದೆ: ಸಂತೆ. ಮಲೆನಾಡಿನ ಸರಕು ಬಯಲಿಗೂ ಬಯಲಿನ ಸರಕು ಮಲೆನಾಡಿಗೂ ಕೈ ಬದಲಾಯಿಸುವುದು ಇಂತಹ ಎಡೆಯ ಊರುಗಳಲ್ಲಿ. ಸಂತೆಗೆ ಬರುವ ಜನಕ್ಕೂ ಎತ್ತುಗಳಿಗೂ ಬೇಕಾದದ್ದು ನೀರು. 16ನೆಯ ಶತಮಾನದಲ್ಲಿ ಹನುಮಪ್ಪ ನಾಯಕ ಕಟ್ಟಿಸಿದನೆಂದು ಹೇಳುವ ಇಲ್ಲಿನ ಪುಷ್ಕರಣಿಯನ್ನು ನೋಡಿದವರು ಅದರ ನಾಲ್ಕೂ ಕಡೆಯ ಮೆಟ್ಟಿಲುಗಳ ಅಚ್ಚುಕಟ್ಟನ್ನೂ ನೀರಿನ ನಡುವಿನ ವಸಂತ ಮಂಟಪದ ಸೊಬಗನ್ನೂ ಹೊಗಳುತ್ತಾರೆ. ಆ ಹೊಗಳಿಕೆ ಸರಿಯೇ. ಆದರೆ ಅದು ಒಂದು ಪುಟ್ಟ ಪಾಳೆಯಪಟ್ಟಿನ ರಾಜನೀತಿಯ ಹೇಳಿಕೆಯೂ ಹೌದು. ಕೋಟೆ ಜನರನ್ನು ಹೊರಗಿಡುತ್ತದೆ, ಹೊಂಡ ಕರೆಯುತ್ತದೆ. ಸಂತೇಬೆನ್ನೂರಿನಂತಹ ಪಕ್ಷ ಬೆಳೆಯಬೇಕಾದರೆ ದಂಡು ಕಳುಹಿಸುವುದಕ್ಕಿಂತ ಜನರನ್ನು ಬರಮಾಡಿಕೊಳ್ಳುವುದೇ ದಾರಿಯಾಗಿತ್ತು.

ಇಲ್ಲಿಯವರೆಗೆ ಆಟದ ಮಾದರಿಗೆ ಜಯವೆಂದೇ ಹೇಳಬೇಕು. ಅರಸರ ಪಟ್ಟಿಯನ್ನೂ ಯುದ್ಧಗಳ ಇಸವಿಗಳನ್ನೂ ಬಾಯಿಪಾಠ ಮಾಡಿಸುವ ಪಠ್ಯಪುಸ್ತಕಕ್ಕಿಂತ, ಕೆಳದಿ ಕಡಲಿನ ಕಡೆಗೆ ಏಕೆ ಹೋಯಿತು ಎಂದು ಕೇಳುವಂತೆ ಮಾಡುವ ಆಟ ಮೇಲು. ನನ್ನ ತಕರಾರು ಮುಂದಿನ ಹೆಜ್ಜೆಯ ಬಗ್ಗೆ. ಆಟವು ಗುಣವನ್ನು ಪಕ್ಷಕ್ಕೆ, ಅಂದರೆ ಒಂದು ಜನಕ್ಕೆ ಅಂಟಿಸುತ್ತದೆ. ಅದೂ ಮೊದಲ ಸರದಿಗೆ ಮುಂಚೆ, ಎಂದೆಂದಿಗೂ ಬದಲಾಗದಂತೆ. ಸಂತೇಬೆನ್ನೂರು ಅದನ್ನು ಒಪ್ಪುವುದಿಲ್ಲ.

1637-38ರ ಸುಮಾರಿಗೆ ರಣದುಲ್ಲಾ ಖಾನನ ನೇತೃತ್ವದ ಬಿಜಾಪುರದ ದಂಡು ಇಕ್ಕೇರಿಯ ಮೇಲೆ ನಡೆದುಬಂದಿತು. ಈ ಎಡೆಯ ನಾಡೂ ಅದರ ದಾರಿಯಲ್ಲಿ ಸಿಕ್ಕಿತು. ನಾಯಕ ಮನೆತನ ಕೊನೆಗೆ ತರೀಕೆರೆಯ ಕಡೆಗೆ ಸರಿದು ಅಲ್ಲಿನ ಪಾಳೆಯಗಾರರೆಂದು ಪ್ರಸಿದ್ಧವಾಯಿತು. ಮನೆತನ ಅದೇ, ಆದರೆ ಮಲೆಯಂಚಿನ ತರೀಕೆರೆಯಲ್ಲಿ ಅದರ ಮುಂದಿದ್ದ ಆಯ್ಕೆಗಳು ಬೇರೆ. ಇತ್ತ ಸಂತೇಬೆನ್ನೂರಿನಲ್ಲಿ ಪುಷ್ಕರಣಿಯ ಎದುರಿಗೆ ಮುಸಾಫಿರ್‌ಖಾನೆ ಎದ್ದು ನಿಂತಿತು. ಅದರ ಹುಟ್ಟಿನ ಹಿಂದೆ ದೇವಾಲಯವೊಂದು ನಾಶವಾದ ಕಥೆಯನ್ನು ಸ್ಥಳೀಯ ಪರಂಪರೆ ಹೇಳುತ್ತದೆ. ಆ ನೋವನ್ನು ಮರೆಮಾಚಬೇಕಿಲ್ಲ. ಆದರೆ ಕಟ್ಟಡದ ಇಂದಿನ ಹೆಸರನ್ನು ಗಮನಿಸಿ. ಮುಸಾಫಿರ್‌ಖಾನೆ ಎಂದರೆ ದಾರಿಹೋಕರ ತಂಗುಮನೆ. ಆಳುವವರು ಬದಲಾದರು, ಮತ ಬದಲಾಯಿತು, ಭಾಷೆಯೂ ಬದಲಾಯಿತು. ಊರಿನ ಗುಣ ಮಾತ್ರ ಬಂದವರಿಗೆ ನೀರು ಮತ್ತು ನೆರಳು ಎಂಬುದಾಗಿಯೇ ಜನರ ನಾಲಗೆಯಲ್ಲಿ ಉಳಿಯಿತು. ಗುಣ ಇದ್ದದ್ದು ನೆಲದಲ್ಲಿ. ಅದರ ಮೇಲೆ ಕುಳಿತವರು ಅದನ್ನು ತಮ್ಮ ತಮ್ಮ ಶೈಲಿಯಲ್ಲಿ ಹೊತ್ತುಕೊಂಡರು.

ಮೆಟ್ಟಿಲುಬಾವಿ ಒಂದು ಪಕ್ಷದ ಜನ್ಮಸಿದ್ಧ ಗುಣವೆನ್ನುವುದು ಇದೇ ಕಾರಣಕ್ಕೆ ನಿಲ್ಲುವುದಿಲ್ಲ. ಅಹಮದಾಬಾದಿನ ದಾದಾ ಹರೀರ್ ಬಾವಿಯನ್ನು ಕಟ್ಟಿಸಿದವಳು ಸುಲ್ತಾನ ಮಹಮೂದ್ ಬೇಗಡಾನ ಅಂತಃಪುರಕ್ಕೆ ಸೇರಿದವಳು. ಒಣನೆಲದಲ್ಲಿ ನಿಂತವರಿಗೆಲ್ಲ ಬಾವಿ ಬೇಕು. ನೆಲದ ಗುಣವೂ ಶಾಶ್ವತವಲ್ಲ ಎಂಬುದಕ್ಕೆ ಚನ್ನಗಿರಿ ತಾಲ್ಲೂಕೇ ಇಂದು ಸಾಕ್ಷಿ. ಹಿಂದೆ ಶಾಂತಿಸಾಗರದಂತಹ ಕೆರೆಗಳನ್ನು ನಂಬಿದ್ದ ಈ ಸೀಮೆಗೆ ಕಳೆದ ಶತಮಾನದಲ್ಲಿ ಭದ್ರಾ ನಾಲೆಯ ನೀರು ಬಂದಿತು. ಈಗ ಇಲ್ಲಿ ಕಣ್ಣು ಹಾಯಿಸಿದಲ್ಲೆಲ್ಲ ಅಡಕೆಯ ತೋಟ. ಒಂದು ಆಟದ ಪಟದಲ್ಲಿ ಈ ನಾಡಿಗೆ 17ನೆಯ ಶತಮಾನದಲ್ಲಿ ಬರೆದ ಗುಣ 21ನೆಯ ಶತಮಾನಕ್ಕೆ ಸಲ್ಲದು.

ಇಷ್ಟೇ ಆಗಿದ್ದರೆ ಇದನ್ನು ಆಟದ ಒಂದು ಸರಳೀಕರಣವೆಂದು ಬಿಟ್ಟುಬಿಡಬಹುದಿತ್ತು. ಆದರೆ ಜನಕ್ಕೆ ಗುಣವನ್ನು ಅಂಟಿಸುವ ಚಟ ನಮ್ಮ ವಿದ್ವತ್ತಿನಲ್ಲಿಯೂ ಇದೆ, ಆಟಗಳಿಗಿಂತ ಮೊದಲಿನಿಂದಲೂ ಇದೆ. ಜೈನರು ಅಹಿಂಸಾವಾದಿಗಳು, ಆದ್ದರಿಂದ ಅವರ ರಾಜ್ಯಗಳು ಕುಗ್ಗಿದವು, ಅವರು ವ್ಯಾಪಾರಕ್ಕೆ ಸರಿದರು ಎಂಬ ಮಾತನ್ನು ಎಷ್ಟೋ ಬರಹಗಳಲ್ಲಿ ಓದುತ್ತೇವೆ. ಇದು ಅಪ್ಪಟ ಪಕ್ಷಗುಣದ ತರ್ಕ. ಒಂದು ಸಮುದಾಯಕ್ಕೆ 'ಯುದ್ಧದಲ್ಲಿ ಇಳಿಕೆ, ವಾಣಿಜ್ಯದಲ್ಲಿ ಏರಿಕೆ' ಎಂದು ಚೀಟಿ ಬರೆದು ಅಂಟಿಸಿ, ಆಮೇಲೆ ಸಾವಿರ ವರ್ಷದ ಚರಿತ್ರೆಯನ್ನು ಆ ಚೀಟಿಯಿಂದ ಹೊರಡಿಸುವುದು.

ಶಾಸನಗಳು ಇದಕ್ಕೆ ತಲೆದೂಗುವುದಿಲ್ಲ. ಗಂಗರ ಮಂತ್ರಿಯೂ ಸೇನಾಪತಿಯೂ ಆಗಿದ್ದ ಚಾವುಂಡರಾಯ 'ಸಮರ ಪರಶುರಾಮ' ಎಂಬ ಬಿರುದು ಪಡೆದವನು. 978ರಲ್ಲಿ ತ್ರಿಷಷ್ಟಿಲಕ್ಷಣ ಮಹಾಪುರಾಣವನ್ನು ಗದ್ಯದಲ್ಲಿ ಬರೆದವನೂ, ಸುಮಾರು 981ರಲ್ಲಿ ಶ್ರವಣಬೆಳಗೊಳದ ಗೊಮ್ಮಟನನ್ನು ನಿಲ್ಲಿಸಿದವನೂ ಅವನೇ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ ತಲಕಾಡನ್ನು ಚೋಳರಿಂದ ಬಿಡಿಸಿದ. ಮೆಚ್ಚಿದ ಅರಸನಿಂದ ಪಡೆದ ಗ್ರಾಮವನ್ನು ಬಸದಿಗಳಿಗೆ ದತ್ತಿಯಾಗಿ ಕೊಟ್ಟ. ಪಂಪ ಕವಿಯೂ ಹೌದು, ಕಲಿಯೂ ಹೌದು. ಗೃಹಸ್ಥನ ಅಣುವ್ರತ ಸಂಕಲ್ಪಪೂರ್ವಕ ಹಿಂಸೆಯನ್ನು ತ್ಯಜಿಸುವಂತೆ ಹೇಳುತ್ತದೆ. ನಾಡಿನ ರಕ್ಷಣೆಯಲ್ಲಿ ಒದಗುವ ವಿರೋಧಿ ಹಿಂಸೆಯನ್ನು ಅದು ಬೇರೆಯಾಗಿ ಎಣಿಸುತ್ತದೆ. ಈ ಸೂಕ್ಷ್ಮ ತಿಳಿಯದೆ ಒಂದು ಧರ್ಮದ ಜನರನ್ನೆಲ್ಲ ಒಂದೇ ಗುಣದ ಕಾಯಿಗಳನ್ನಾಗಿ ಮಾಡಿದರೆ ಶಾಸನ ಓದುವ ಕಣ್ಣೇ ಮಂಜಾಗುತ್ತದೆ.

ವಿಸ್ತರಣೆಯ ಗುಣವನ್ನು ಇನ್ನೂ ಆಳವಾಗಿ ಯೋಚಿಸಿದ ಪರಂಪರೆಯೊಂದು ನಮ್ಮ ಕೈಯಲ್ಲಿಯೇ ಇದೆ. ಅದು ಜೈನ ಪುರಾಣ. ಮೇಲುನೋಟಕ್ಕೆ ಅದೂ ಪಕ್ಷಗುಣದ ಪಟ್ಟಿಯನ್ನೇ ಕೊಡುತ್ತದೆ. ಚಕ್ರವರ್ತಿಗೆ ಆರು ಖಂಡ, ಅರ್ಧಚಕ್ರಿಗೆ ಮೂರು ಖಂಡ ಎಂದು ವಿಸ್ತರಣೆಯ ಮಿತಿ ಮೊದಲೇ ನಿಶ್ಚಿತವಾಗಿದೆ. ಚಕ್ರಿಯ 14 ರತ್ನಗಳಲ್ಲಿ ಒಂದೊಂದೂ ಒಂದೊಂದು ಅಡ್ಡಿಯನ್ನು ನಿವಾರಿಸುವ ಶಕ್ತಿ. ದಂಡರತ್ನ ವಿಜಯಾರ್ಧ ಪರ್ವತದ ಗುಹೆಯ ಕದವನ್ನು ತೆರೆಯುತ್ತದೆ. ಕಾಕಿಣಿರತ್ನ ಕತ್ತಲಲ್ಲಿ ಬೆಳಕಾಗುತ್ತದೆ. ಸ್ಥಪತಿ ನದಿಗೆ ಸೇತುವೆ ಕಟ್ಟುತ್ತಾನೆ. ಶತ್ರುಪಕ್ಷದ ದೇವತೆಗಳು ಮಳೆ ಸುರಿಸಿದಾಗ ಚರ್ಮರತ್ನ ಕೆಳಗೆ ಹಾಸಾಗಿ, ಛತ್ರರತ್ನ ಮೇಲೆ ಕೊಡೆಯಾಗಿ ಸೈನ್ಯವನ್ನು ಉಳಿಸುತ್ತವೆ. ಆಟ ಹೆಣೆಯುವವರು ಇದಕ್ಕಿಂತ ಚೆನ್ನಾಗಿ ಗುಣಗಳ ಪಟ್ಟಿ ಬರೆಯಲಾರರು.

ಆದರೆ ಪುರಾಣ ಅಲ್ಲಿಗೆ ನಿಲ್ಲುವುದಿಲ್ಲ. ಪಂಪನ ಆದಿಪುರಾಣದ ರಚನಾಕಾಲ 941. ಅದರಲ್ಲಿ ಭರತ ಆರು ಖಂಡಗಳನ್ನೂ ಗೆದ್ದು ವೃಷಭಾಚಲದ ಮೇಲೆ ತನ್ನ ಹೆಸರನ್ನು ಕೆತ್ತಿಸಲು ಹೋಗುತ್ತಾನೆ. ಅಲ್ಲಿ ಜಾಗವೇ ಇಲ್ಲ. ಹಿಂದಿನ ಚಕ್ರವರ್ತಿಗಳ ಹೆಸರುಗಳಿಂದ ಬಂಡೆ ತುಂಬಿಹೋಗಿದೆ. ಒಂದು ಹೆಸರನ್ನು ಅಳಿಸಿ ತನ್ನದನ್ನು ಬರೆಯಬೇಕಾಗುತ್ತದೆ. ಆ ಕ್ಷಣಕ್ಕೆ ವಿಸ್ತರಣೆಯ ಅರ್ಥವೇ ತಲೆಕೆಳಗಾಗುತ್ತದೆ. ನನ್ನ ಹೆಸರನ್ನೂ ನಾಳೆ ಒಬ್ಬ ಅಳಿಸುತ್ತಾನೆ ಎಂಬ ಅರಿವು ಗೆದ್ದವನಿಗೆ ಗೆಲುವಿನ ನಡುವೆಯೇ ಒದಗುತ್ತದೆ. ಮುಂದೆ ಚಕ್ರರತ್ನ ರಾಜಧಾನಿಯ ಬಾಗಿಲಲ್ಲಿ ನಿಂತುಬಿಡುತ್ತದೆ. ಹೊರಗಿನ ಗುಹೆಯನ್ನು ತೆರೆಯಬಲ್ಲ ರತ್ನಗಳಿದ್ದವು, ತಮ್ಮನ ಮನಸ್ಸನ್ನು ತೆರೆಯಬಲ್ಲ ರತ್ನವಿರಲಿಲ್ಲ. ಬಾಹುಬಲಿ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರನ್ನೂ ಗೆಲ್ಲುತ್ತಾನೆ, ಗೆದ್ದು ಬಿಟ್ಟುಕೊಡುತ್ತಾನೆ. ಯಾವ ಸರದಿಯಾಟದಲ್ಲಿ ಈ ನಡೆಗೆ ಅವಕಾಶವಿದೆ? ಆಟದ ನಿಯಮದಲ್ಲಿ ಬಿಟ್ಟುಕೊಡುವುದು ಸೋಲು. ಕಾವ್ಯದ ನಿಯಮದಲ್ಲಿ ಅದೇ ಕೊನೆಯ ಗೆಲುವು.

ರತ್ನಾಕರವರ್ಣಿ 16ನೆಯ ಶತಮಾನದಲ್ಲಿ ಇದೇ ಭರತನ ಕಥೆಯನ್ನು ಭೋಗವಿಜಯ, ದಿಗ್ವಿಜಯ, ಯೋಗವಿಜಯ, ಮೋಕ್ಷವಿಜಯ, ಅರ್ಕಕೀರ್ತಿವಿಜಯಗಳೆಂದು ಐದಾಗಿ ಹಂಚಿದ. ದಿಗ್ವಿಜಯ ಅಲ್ಲಿ ಐದರಲ್ಲಿ ಒಂದು ಮಾತ್ರ, ಅದೂ ಎರಡನೆಯದು. ಪರಂಪರೆ ಎಣಿಸುವ 12 ಚಕ್ರವರ್ತಿಗಳಲ್ಲಿ ಸುಭೌಮ ಮತ್ತು ಬ್ರಹ್ಮದತ್ತ ಆರು ಖಂಡಗಳನ್ನೂ ಆಳಿದರು; ಬಿಡಲಾರದೆ ಸತ್ತು ನರಕಕ್ಕೆ ಹೋದರು. ಗುಣಗಳ ಪಟ್ಟಿ ಹನ್ನೆರಡು ಜನರಿಗೂ ಒಂದೇ. ಗತಿ ಮಾತ್ರ ಬೇರೆ. ಪಕ್ಷಗುಣವೇ ವಿಧಿಯಲ್ಲ ಎಂಬುದಕ್ಕೆ ಇದಕ್ಕಿಂತ ನಿಷ್ಠುರವಾದ ದೃಷ್ಟಾಂತ ಬೇಕಿಲ್ಲ.

ಪುರಾಣದ ಈ ವಿವೇಕವನ್ನು ಆಚಾರದ ಮಟ್ಟಕ್ಕೆ ಇಳಿಸಿದ್ದು ದಿಗ್ವ್ರತ. ಶ್ರಾವಕನ ಗುಣವ್ರತಗಳಲ್ಲಿ ಇದೊಂದು. ಹತ್ತು ದಿಕ್ಕುಗಳಲ್ಲಿ ನಾನು ಇಷ್ಟು ದೂರದಾಚೆಗೆ ಹೋಗುವುದಿಲ್ಲ, ಅಲ್ಲಿಂದಾಚೆಗೆ ನನ್ನ ವ್ಯವಹಾರವಿಲ್ಲ ಎಂದು ಬದುಕಿನುದ್ದಕ್ಕೂ ಗೆರೆ ಹಾಕಿಕೊಳ್ಳುವುದು. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರ ಆ ಗೆರೆಗೆ ಕಡಲು, ಹೊಳೆ, ಕಾಡು, ಬೆಟ್ಟ, ನಾಡುಗಳಂತಹ ಗುರುತುಗಳನ್ನು ಹೇಳುತ್ತದೆ. ದೇಶವ್ರತ ಅದೇ ಗೆರೆಯನ್ನು ಒಂದು ದಿನಕ್ಕೆ, ಒಂದು ತಿಂಗಳಿಗೆ ಎಂಬಂತೆ ಇನ್ನಷ್ಟು ಹತ್ತಿರಕ್ಕೆ ಎಳೆದುಕೊಳ್ಳುತ್ತದೆ. ತತ್ತ್ವಾರ್ಥಸೂತ್ರ ದಿಗ್ವ್ರತದ ಅತಿಚಾರಗಳಲ್ಲಿ 'ಕ್ಷೇತ್ರವೃದ್ಧಿ'ಯನ್ನು ಎಣಿಸುತ್ತದೆ. ಯಾವುದನ್ನು ಸಾಮ್ರಾಜ್ಯದ ಆಟ ಪರಮ ಸಾಧನೆಯೆಂದು ಅಂಕ ಕೊಡುತ್ತದೆಯೋ ಅದನ್ನೇ ವ್ರತ ದೋಷವೆಂದು ಹೆಸರಿಸುತ್ತದೆ. ಬೆಟ್ಟ, ಹೊಳೆ, ಕಾಡುಗಳು ಎರಡು ಕಡೆಯೂ ಇವೆ. ಒಂದು ಕಡೆ ದಾಟಬೇಕಾದ ಅಡ್ಡಿಗಳಾಗಿ, ಇನ್ನೊಂದು ಕಡೆ ತಾನೇ ಒಪ್ಪಿಕೊಂಡ ಗಡಿಗಳಾಗಿ. ವ್ರತ ಹುಟ್ಟುಗುಣವಲ್ಲ, ಅರಿತು ತೊಡುವ ಗುಣ. ನೆಲ ಕೊಡುವ ಗುಣದ ಮೇಲೆ ಮನುಷ್ಯನ ಕೈ ಇರುವುದು ಇಲ್ಲಿ.

ಆಟದ ಮಾದರಿ ಎಡವುವ ಜಾಗ ಚಂದ್ರಗುಪ್ತ ಮೌರ್ಯನಲ್ಲಿ ಕಣ್ಣಿಗೆ ಹೊಡೆಯುತ್ತದೆ. 2018ರ ವಿಸ್ತೃತ ಆವೃತ್ತಿಯಲ್ಲಿ ಅವನನ್ನು ಭಾರತದ ನಾಯಕನನ್ನಾಗಿ ಸೇರಿಸಿದರು. ಅವನ ಗುಣಕ್ಕೆ 'ಅರ್ಥಶಾಸ್ತ್ರ' ಎಂದು ಹೆಸರಿಟ್ಟರು. ಇತರರಿಗಿಂತ ಬೇಗ ನೆಲವಿಸ್ತರಣೆಯ ಯುದ್ಧ ಸಾರುವ ಹಕ್ಕು, ಯುದ್ಧದ ಮೊದಲ ಸರದಿಗಳಲ್ಲಿ ಹೆಚ್ಚಿನ ವೇಗ ಮತ್ತು ಬಲ: ಇದು ಅವನ ಪಾಲು. ಇದು ಸುಳ್ಳಲ್ಲ, ಅವನು ಮಗಧದಿಂದ ವಾಯವ್ಯದವರೆಗೆ ರಾಜ್ಯ ಹರಡಿದವನು. ಆದರೆ ಕನ್ನಡ ನಾಡು ಅವನನ್ನು ನೆನೆಯುವುದು ಬೇರೆ ರೀತಿಯಲ್ಲಿ. ಭದ್ರಬಾಹುವಿನೊಡನೆ ದಕ್ಷಿಣಕ್ಕೆ ಬಂದು, ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಸಲ್ಲೇಖನದಿಂದ ದೇಹ ಬಿಟ್ಟ ಮುನಿಯಾಗಿ. ಆ ಬೆಟ್ಟಕ್ಕೆ ಚಂದ್ರಗಿರಿಯೆಂಬ ಹೆಸರು ಇಂದಿಗೂ ಇದೆ. ಈ ಪರಂಪರೆಯ ಐತಿಹಾಸಿಕತೆಯ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ, ಇರಲಿ. ನನ್ನ ವಾದಕ್ಕೆ ಮುಖ್ಯವಾದದ್ದು ಇಷ್ಟು: ಒಂದು ನಾಡು ತನ್ನ ನೆನಪಿನಲ್ಲಿ ವಿಸ್ತರಿಸಿದವನನ್ನಲ್ಲ, ವಿಸ್ತಾರವನ್ನು ಬಿಟ್ಟುಬಂದವನನ್ನು ಉಳಿಸಿಕೊಂಡಿತು.

2025ರ ಏಳನೆಯ ಆವೃತ್ತಿ ಅಶೋಕನಿಗೆ ಎರಡು ರೂಪ ಕೊಟ್ಟಿದೆ: ಲೋಕವನ್ನು ಗೆದ್ದವನು, ಲೋಕವನ್ನು ತ್ಯಜಿಸಿದವನು. ಆಟದವರೂ ಕೊರತೆಯನ್ನು ಗುರುತಿಸಿದ್ದಾರೆಂದು ಇದರಿಂದ ತಿಳಿಯುತ್ತದೆ. ಆದರೆ ಎರಡನ್ನೂ ಆರಂಭದಲ್ಲಿಯೇ ಆಯ್ದುಕೊಳ್ಳಬೇಕಾದ ಬೇರೆ ಬೇರೆ ಗುಣಗಳನ್ನಾಗಿ ಸೀಳಿದ್ದಾರೆ. ಅಶೋಕನ ಮಹತ್ತ್ವವಿರುವುದು ಒಂದರಿಂದ ಇನ್ನೊಂದಕ್ಕೆ ಹೊರಳಿದುದರಲ್ಲಿ. ಹೊರಳುವಿಕೆಯನ್ನು ತೆಗೆದುಹಾಕಿದ ಮೇಲೆ ಉಳಿಯುವುದು ಎರಡು ಬೊಂಬೆಗಳು.

ಆಟವನ್ನು ಆಟವಾಗಿ ನೋಡಬಾರದೇ ಎಂದು ಕೇಳಬಹುದು. ಹುಲಿ-ಕುರಿ ಆಡುವಾಗ ಯಾರೂ ಕುರಿಯ ಮನಸ್ಸನ್ನು ವಿಚಾರಿಸುವುದಿಲ್ಲ, ನಿಜ. ಆದರೆ ಹುಲಿ-ಕುರಿ ತನ್ನನ್ನು ಚರಿತ್ರೆಯೆಂದು ಕರೆದುಕೊಳ್ಳಲಿಲ್ಲ. ಭಾರತ, ರೋಮ್, ಚೀನಾ ಎಂದು ಹೆಸರಿಟ್ಟು, ಚಂದ್ರಗುಪ್ತ, ಅಶೋಕ ಎಂದು ಮುಖ ಬರೆದ ಆಟ ಚರಿತ್ರೆಯ ಪ್ರಶ್ನೆಗಳಿಗೆ ಉತ್ತರಿಸಲೇಬೇಕು. ಅದನ್ನಾಡುವ ವಿದ್ಯಾರ್ಥಿ ಆ ಪ್ರಶ್ನೆಗಳನ್ನು ಕೇಳಲೇಬೇಕು.

ನಾಯಕ ಮನೆತನಗಳ ಬಗ್ಗೆಯಾಗಲಿ, ಸಮುದಾಯಗಳ ಬಗ್ಗೆಯಾಗಲಿ ಬರೆಯಲು ಹೊರಟ ಸಂಶೋಧಕರಿಗೆ ನನ್ನ ಸಲಹೆ ಇದು. ಒಂದು ಜನದ ಗುಣ ಹೀಗೆ ಎಂದು ಬರೆಯುವ ಮೊದಲು ಆ ಗುಣ ನೆಲದ್ದೇ, ನೆರೆಯ ಒತ್ತಡದ್ದೇ, ಅವರು ತಾವಾಗಿ ತೊಟ್ಟ ವ್ರತದ್ದೇ ಎಂದು ಬಿಡಿಸಿ ನೋಡಿ. ನೆಲದ್ದಾದರೆ ನೀರಿನ ದಾರಿ ಬದಲಾದಾಗ ಅದೂ ಬದಲಾಗಿರಬೇಕು. ನೆರೆಯದ್ದಾದರೆ ನೆರೆಯವನು ಬಿದ್ದಾಗ ಬದಲಾಗಿರಬೇಕು. ವ್ರತದ್ದಾದರೆ ಅದಕ್ಕೊಂದು ಗ್ರಂಥ, ಒಂದು ದತ್ತಿ, ಒಂದು ನಿಷಿದಿಗಲ್ಲು ಸಾಕ್ಷಿಯಾಗಿ ಎಲ್ಲಿಯಾದರೂ ನಿಂತಿರುತ್ತದೆ. ಈ ಮೂರರಲ್ಲಿ ಯಾವುದೂ ದೊರೆಯದಿದ್ದರೆ ಆ ಗುಣ ಬರೆಯುವವನ ಮನಸ್ಸಿನಲ್ಲಿ ಮಾತ್ರ ಇದ್ದದ್ದು. ಅದನ್ನು ಬರೆಯದೆ ಬಿಡುವುದು ಲೇಖಕನೂ ತೊಡಬಹುದಾದ ಒಂದು ವ್ರತ.